ಹಾಲಿನ ಗಾಡಿಯ ಹ್ಯಾಂಡಲ್

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಯಂತ್ರದ ವಿಚಾರ ಬರೆಯಹೊರಟುದನ್ನು ಉಪಾಧ್ಯಾಯರು ಮನ್ನಿಸಬೇಕು. ನನ್ನ ಕಾಲೇಜಿನ ಫೀಜು ಬರುವುದು ತಂದೆಯವರು ಹಾಲು ಹೊರುವ ಮೋಟಾರು ಸೈಕಲ್ಲಿನಿಂದ. ಅದು ಯೆಜ್ಡಿ ರೋಡ್‌ಕಿಂಗ್. 1961ರಲ್ಲಿ ಮೈಸೂರಿನಲ್ಲಿ ಜಾವಾ ಗಾಡಿಗಳನ್ನು ತಯಾರಿಸತೊಡಗಿ 1996ರಲ್ಲಿ ಮುಚ್ಚಿಹೋದ ಐಡಿಯಲ್ ಜಾವಾ ಕಾರ್ಖಾನೆಯದು. ಕಳೆದ ಮಳೆಗಾಲದಲ್ಲಿ ಕೆರೆ ಏರಿಯ ತಿರುವಿನಲ್ಲಿ ಅವರು ಎರಡು ಕ್ಯಾನುಗಳ ಸಮೇತ ಬಿದ್ದರು. "ಹ್ಯಾಂಡಲ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ" ಎಂಬುದೊಂದೇ ಅವರ ಮಾತು. ಗುಜರಿಗೆ ಹಾಕಿಬಿಡಿರೆಂದು ತಾಯಿಯವರು ಹಟ ಹಿಡಿದರು.

ಗಾಡಿಯೇಕೆ ತಿರುಗಲಿಲ್ಲ? ಟೈರು ನೆಲವನ್ನು ಕಚ್ಚುವುದು ಅದರ ಮೇಲೆ ಬೀಳುವ ಭಾರದಿಂದ. ಸೊಂಟನೋವೆಂದು ತಂದೆಯವರು ಹಿಂದಿನ ವರ್ಷ ಎತ್ತರದ ಹ್ಯಾಂಡಲ್ ಹಾಕಿಸಿದ್ದರು. ನೆಟ್ಟಗೆ ಕುಳಿತರೆ ಸವಾರನ ಭಾರ ಹಿಂದಕ್ಕೆ ಸರಿಯುತ್ತದೆ. ಕ್ಯಾನುಗಳೂ ಹಿಂದೆಯೇ. ಸೋತ ಹಿಂಬದಿ ಸ್ಪ್ರಿಂಗುಗಳು ಕುಸಿದಾಗ ಮುಂದಿನ ಫೋರ್ಕು ಇನ್ನಷ್ಟು ಓರೆಯಾಗಿ ಮಲಗುತ್ತದೆ. ಹಾಗೆ ಮಲಗಿದ ಫೋರ್ಕು ನೇರ ಹಾದಿಯಲ್ಲಿ ನೆಟ್ಟಗೆ ಹೋಗಲು ಒಲಿಯುತ್ತದೆ, ತಿರುವಿಗೆ ಒಲ್ಲೆನ್ನುತ್ತದೆ.

ನಿಜವಾದ ಕಳ್ಳನಿದ್ದುದು ಫೋರ್ಕಿನೊಳಗೆ. ಹಳ್ಳದ ಪೆಟ್ಟನ್ನೆಲ್ಲ ಸ್ಪ್ರಿಂಗು ನುಂಗುವುದೆಂದು ನಾನು ತಿಳಿದಿದ್ದೆ. ಅದು ನುಂಗುವುದಿಲ್ಲ, ಸಾಲ ಪಡೆದು ಕೂಡಲೇ ಹಿಂದಿರುಗಿಸುತ್ತದೆ! ಅದನ್ನು ತಡೆಯುವುದು ಕೊಳವೆಯೊಳಗಿನ ಎಣ್ಣೆ. ಸಣ್ಣ ರಂಧ್ರಗಳಲ್ಲಿ ಅದು ತಿಣುಕುತ್ತ ಹಾಯುವಾಗ ಕುಣಿತದ ಶಕ್ತಿಯು ಶಾಖವಾಗಿ ತೀರಿಹೋಗುತ್ತದೆ. ನಾವು ಬಿಚ್ಚಿದಾಗ ಒಂದು ಕಾಲಿನಿಂದ ಕಪ್ಪು ನೀರಿನಂತಹದು ಬಂದಿತು. ಇನ್ನೊಂದರಲ್ಲಿ, ಸೀಲು ಹರಿದಿದ್ದುದರಿಂದ, ಏನೂ ಇರಲಿಲ್ಲ. ಏರಿಯ ಗುಂಡಿಗಳ ಮೇಲೆ ಚಕ್ರ ಕುಪ್ಪಳಿಸಿದಾಗ ಟೈರು ನೆಲದ ಮೇಲೆಯೇ ಇರಲಿಲ್ಲವೆಂದ ಮೇಲೆ ಅದು ಕಚ್ಚುವುದೇನನ್ನು?

ಹೊಸ ಸೀಲು ಹಾಕಿ, ಎರಡು ಕಾಲಿಗೂ ಸಮನಾಗಿ ಎಣ್ಣೆ ಅಳೆದು ಹೊಯ್ದೆವು. ದಪ್ಪ ಎಣ್ಣೆ ಇನ್ನೂ ಒಳಿತೆಂದು ನಾನು ವಾದಿಸಿ ಹಾಕಿಸಿದ್ದೆ. ಕಲ್ಲುಹಾದಿಯಲ್ಲಿ ಮಣಿಕಟ್ಟು ನೊಂದು ತಂದೆಯವರು ಮಾರನೆಯ ದಿನವೇ ತೆಗೆಸಿದರು. ಹಿಂದಕ್ಕೆ ಹೊಸ ಶಾಕ್ ಅಬ್ಸಾರ್ಬರುಗಳು ಬಂದವು. ಬುಡದ ಬಳೆ ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಿದ ಮೇಲೆ, ಹಾಲು ತುಂಬಿದ್ದರೂ ಗಾಡಿಯ ಬೆನ್ನು ಕುಸಿಯದು.

ಉಳಿದುದು ಹ್ಯಾಂಡಲ್. ಅದೊಂದು ಸನ್ನೆಕೋಲು: ಅಗಲವಾದಷ್ಟೂ ಕೈಗೆ ಹಗುರ. ವೇಗದಲ್ಲಿ ಎಡಕ್ಕೆ ಹೊರಳಬೇಕಾದರೆ ಎಡತುದಿಯನ್ನು ಮುಂದಕ್ಕೆ ಒತ್ತಬೇಕು. ಇದನ್ನು ಹೇಳಿದಾಗ ತಂದೆಯವರು ನಕ್ಕರು. ಮರುದಿನ ಖಾಲಿ ಕ್ಯಾನಿನಲ್ಲಿ ಪರೀಕ್ಷಿಸಿ ಬಂದು, "ಇಷ್ಟು ವರ್ಷ ಹಾಗೆಯೇ ಮಾಡುತ್ತಿದ್ದೆನಲ್ಲೋ!" ಎಂದರು.

ಕಾರ್ಖಾನೆಯ ಮೂಲ ಹ್ಯಾಂಡಲನ್ನೇ ಮರಳಿ ಕೂಡಿಸಿದೆವು. ಮನಬಂದಂತೆ ಗಾಡಿಯ ರೂಪ ಬದಲಿಸಲು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮೂ ಒಪ್ಪುವುದಿಲ್ಲ. ಏರಿಯ ತಿರುವಿನಲ್ಲಿ ಗಾಡಿ ಈಗ ಹೇಳಿದ ಮಾತು ಕೇಳುತ್ತದೆ. ಸೊಂಟನೋವಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಆ ಎತ್ತರದ ಹ್ಯಾಂಡಲನ್ನು ತಂದೆಯವರು ಇನ್ನೂ ಅಟ್ಟದ ಮೇಲೆ ಜೋಪಾನವಾಗಿಟ್ಟಿದ್ದಾರೆ.