ಮಾರ್ಗಫಲಕಗಳ ಮಾತು

ವಾಹನದಲ್ಲಿ ಪರಸ್ಥಳಕ್ಕೆ ಹೊರಟವನಿಗೆ ದಾರಿಬದಿಯ ಫಲಕವೇ ಗುರುವು. ಆದರೆ ಈ ಗುರುವಿನ ಉಪದೇಶವನ್ನು ಗ್ರಹಿಸಲು ಶಿಷ್ಯನಿಗೆ ದೊರೆಯುವ ಕಾಲವು ಅತ್ಯಲ್ಪವಾದುದು. ಗಂಟೆಗೆ 60 ಕಿಲೋಮೀಟರು ವೇಗದಿಂದ ಸಾಗುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಹೋಗುವುದು. ‘ಇದರ ಅರ್ಥವೇನಿರಬಹುದು?’ ಎಂದು ಚಾಲಕನು ಮೂರು ಸೆಕೆಂಡು ಯೋಚಿಸುವಷ್ಟರಲ್ಲಿ 50 ಮೀಟರು ದಾರಿಯು ಸಂದುಹೋಗಿರುತ್ತದೆ. ಆದಕಾರಣ ಅರ್ಥವಾಗದ ಫಲಕವನ್ನು ಕೇವಲ ವಿನೋದದ ವಸ್ತುವೆಂದೆಣಿಸುವುದು ಸರಿಯಲ್ಲ.

ಈ ಫಲಕಗಳಿಗೂ ಒಂದು ವ್ಯಾಕರಣವುಂಟು. ಮೀಮಾಂಸಕರು ವಿಧಿ, ನಿಷೇಧ ಎಂದು ವಾಕ್ಯಗಳನ್ನು ವಿಂಗಡಿಸುವಂತೆ ಇಲ್ಲಿ ಆಕಾರವೂ ಬಣ್ಣವೂ ಆ ಕೆಲಸವನ್ನು ಮಾಡುತ್ತವೆ. ಬಾಣದ ಗುರುತುಳ್ಳ ನೀಲಿ ವೃತ್ತವು ‘ಹೀಗೆಯೇ ಹೋಗು’ ಎಂಬ ವಿಧಿ. ಕೆಂಪಂಚಿನ ವೃತ್ತವು ಬಹುಮಟ್ಟಿಗೆ ನಿಷೇಧ. ಕೆಂಪಂಚಿನ ತ್ರಿಕೋಣವು ಎಚ್ಚರಿಕೆ. ಕೆಂಪಂಚಿನ ನೀಲಿ ವೃತ್ತದಲ್ಲಿ ಒಂದೇ ಓರೆಗೆರೆಯಿದ್ದರೆ ವಾಹನವನ್ನು ಅಲ್ಲಿ ನಿಲ್ಲಿಸಿಟ್ಟು ಹೋಗಕೂಡದು. ಎರಡು ಗೆರೆಗಳು ಕತ್ತರಿಯಾಗಿದ್ದರೆ ಕ್ಷಣಮಾತ್ರವೂ ನಿಲ್ಲಿಸಕೂಡದು. ಒಂದು ಗೆರೆಯಿಂದ ಅರ್ಥವು ಎಷ್ಟು ಬದಲಾಯಿತೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಅಕ್ಷರಗಳ ಫಲಕಗಳ ಪಾಡನ್ನು ನೋಡೋಣ. 2024ರಲ್ಲಿ ಕೊಡಗಿನ ರಸ್ತೆಯ ಫಲಕವೊಂದರ ಚಿತ್ರವು ಹಲವರ ಕೈಸೇರಿ ನಗೆಯನ್ನೆಬ್ಬಿಸಿತು. ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಅದರ ಕನ್ನಡ ವಾಕ್ಯವು ನಿರ್ದುಷ್ಟವಾದುದೇ. ಅದರೊಡನಿದ್ದ ಇಂಗ್ಲಿಷು ಮಾತ್ರ ‘ಅರ್ಜೆಂಟ್ ಮೇಕ್ ಆ್ಯನ್ ಆಕ್ಸಿಡೆಂಟ್’ ಎಂದಿತ್ತು. ಎಂದರೆ, ‘ತುರ್ತಾಗಿ ಒಂದು ಅಪಘಾತವನ್ನು ಮಾಡು’ ಎಂದು ಅಪ್ಪಣೆ ಕೊಟ್ಟಂತೆ! ನಿಷೇಧಿಸಬೇಕಾದುದನ್ನೇ ವಿಧಿಸಿದಂತಾಯಿತು. ಕನ್ನಡ ಬಲ್ಲವನು ನಕ್ಕು ಮುಂದೆ ಸಾಗುವನು. ಘಟ್ಟದ ತಿರುವುಗಳ ಪರಿಚಯವಿಲ್ಲದ ಪರನಾಡಿನವನಿಗಾದರೋ ಆ ಎರಡನೆಯ ಸಾಲೇ ಆಧಾರ.

ಇದಕ್ಕಿಂತಲೂ ಚಿಂತನೀಯವಾದುದು ಇನ್ನೊಂದು. 2022ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಭಾಗದ ಹೋಪ್‌ಫಾರ್ಮ್ ವೃತ್ತದ ಬಳಿ, ತ್ರಿಕೋಣದೊಳಗೆ ನಾಲ್ಕು ಕಪ್ಪು ಚುಕ್ಕೆಗಳಿದ್ದ ಫಲಕವನ್ನು ಕಂಡು ಒಬ್ಬರು ಇದೇನೆಂದು ಪೊಲೀಸರನ್ನೇ ಕೇಳಿದರು. ಸಮೀಪದಲ್ಲಿ ಅಂಧರ ಶಾಲೆಯಿದೆ, ದೃಷ್ಟಿಹೀನರು ರಸ್ತೆಯಲ್ಲಿರಬಹುದು, ಎಚ್ಚರದಿಂದ ವಾಹನ ನಡೆಯಿಸಿರಿ ಎಂಬುದೇ ಅದರ ತಾತ್ಪರ್ಯವೆಂದು ಉತ್ತರ ಬಂದಿತು. ಜರ್ಮನಿಯಲ್ಲಿ ಹಳದಿಯ ತೋಳುಪಟ್ಟಿಯ ಮೇಲಿನ ಮೂರು ಕಪ್ಪು ಚುಕ್ಕೆಗಳು ಅಂಧರ ಗುರುತೆಂದು ಜನರಿಗೆ ಗೊತ್ತುಂಟು. ನಮ್ಮಲ್ಲಿ ಎಲ್ಲರೂ ಬಲ್ಲ ಗುರುತೆಂದರೆ ಬಿಳಿಯ ಕೋಲು. ಕಣ್ಣಿಲ್ಲದವರ ರಕ್ಷಣೆಗಾಗಿ ನೆಟ್ಟ ಫಲಕವನ್ನು ಕಣ್ಣುಳ್ಳವರೇ ಓದಲಾರದೆ ಹೋದರೆ, ಆ ಮಕ್ಕಳು ಯಾರನ್ನು ನಂಬಿ ರಸ್ತೆಯನ್ನು ದಾಟಬೇಕು? ಚುಕ್ಕೆಗಳ ಕೆಳಗೆ ‘ಅಂಧರು ದಾಟುವ ಸ್ಥಳ’ ಎಂಬ ಮೂರು ಪದಗಳಿದ್ದರೆ ಸಾಕು, ಸಂಶಯಕ್ಕೆ ಎಡೆಯುಳಿಯದು.

ಸಂಸಾರವಂದಿಗರಾದ ನಮ್ಮ ವಾಚಕರು ಮಾಡಬಹುದಾದ ಕೆಲಸವೂ ಇದರಲ್ಲುಂಟು. ಲೈಸೆನ್ಸಿನ ಪರೀಕ್ಷೆಗಾಗಿ ಕಲಿತ ಗುರುತುಗಳನ್ನು ಅನೇಕರು ಪರೀಕ್ಷೆಯೊಡನೆಯೇ ಮರೆಯುತ್ತಾರೆ. ಪ್ರಯಾಣಕಾಲದಲ್ಲಿ ಹಿಂದಿನ ಆಸನದ ಮಕ್ಕಳಿಗೆ ಒಂದೊಂದು ಫಲಕದ ಅರ್ಥವನ್ನು ಕೇಳುತ್ತ ಹೋದರೆ ಹೊತ್ತೂ ಹೋಗುವುದು, ಹಿರಿಯರ ನೆನಪೂ ಹಸುರಾಗುವುದು. ತಮ್ಮ ಊರಿನ ಫಲಕವು ತಪ್ಪಾಗಿಯೋ ಅಸ್ಪಷ್ಟವಾಗಿಯೋ ಇದ್ದಲ್ಲಿ, ಸಂಬಂಧಪಟ್ಟವರಿಗೆ ಒಂದು ಅರ್ಜಿಯನ್ನು ಬರೆಯುವುದು ನಾಗರಿಕರ ಧರ್ಮ. ಫಲಕವು ಬರೆದವನಿಗೆ ತಿಳಿದರೆ ಸಾಲದು. ಊರು ಕಾಣದ ಪರಸ್ಥಳದವನಿಗೆ, ಅದೂ ಓಡುವ ವಾಹನದಿಂದ ಒಂದೇ ನೋಟಕ್ಕೆ, ತಿಳಿಯಬೇಕು.