ಕೈಯನ್ನು ಬದುಕಿಸುವ ವಿದ್ಯೆಗೆ ರಾಜ್ಯದ ಗಡಿಯೇಕೆ?

ಸಾನಪಾಡಾದಿಂದ ಪನವೇಲಿಗೆ ಹೋಗಿ ಮತ್ಸ್ಯಗಂಧಾ ಗಾಡಿ ಹತ್ತಿದರೆ ಮರುದಿನ ಬೆಳಗಾಗುವುದರೊಳಗೆ ಉಡುಪಿ. ನಮ್ಮವರು ಈ ದಾರಿಯಲ್ಲಿ ಮದುವೆಗೆ, ನೇಮಕ್ಕೆ ಮಾತ್ರ ಹೋಗುವುದಲ್ಲ. ಮೈ ಕೆಟ್ಟು ಕೆಲಸ ನಿಂತಾಗಲೂ ಹೋಗುತ್ತಾರೆ. ಆಗ ಇಲ್ಲಿ ಅರ್ಧವಾದ ಚಿಕಿತ್ಸೆಯ ಗತಿಯೇನು?

ನಾವು ಹೇಳುತ್ತಿರುವುದು ಔಷಧದ ಮಾತಲ್ಲ, ಆಕ್ಯುಪೇಶನಲ್ ಥೆರಪಿಯ ಮಾತು. ಹೆಸರು ಕೇಳದ ವಾಚಕರು ಬಹಳ ಮಂದಿ ಇರಬಹುದು. ಬಾಣಲೆಯ ಕಾದೆಣ್ಣೆ ಕೈಮೇಲೆ ಬಿದ್ದಿತೆನ್ನಿ. ಗಾಯ ಮಾಯುತ್ತದೆ, ಆದರೆ ಚರ್ಮ ಬಿಗಿದು ಬೆರಳು ಮಡಚಿಕೊಳ್ಳುವುದುಂಟು. ಆ ಬೆರಳಿಗೆ ತಕ್ಕ ಆಸರೆಪಟ್ಟಿ ಮಾಡಿ ಕಟ್ಟಿ, ದಿನದಿನವೂ ಬಿಡಿಸಿ ಮಡಚಿಸಿ, ಕೊನೆಗೆ ಸಟ್ಟುಗ ಹಿಡಿದು ಕಾವಲಿಯ ದೋಸೆ ಮಗುಚುವಂತೆ ಮಾಡುವವರು ಈ ಥೆರಪಿಸ್ಟರು. ಪಾರ್ಶ್ವವಾಯು ಬಡಿದ ಗುಮಾಸ್ತನಿಗೆ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೂ ಲೇಖಣಿ ಹಿಡಿಯುವುದನ್ನೂ ಮರಳಿ ಕಲಿಸುವವರೂ ಅವರೇ. ಗಲ್ಲಾದ ಮೇಲೆ ವರ್ಷಗಟ್ಟಲೆ ಕುಳಿತ ನಮಗೆ ಗೊತ್ತು: ಅಡುಗೆಭಟ್ಟನಿಗೆ ಕೈಯೇ ಬಂಡವಾಳ.

ಈ ವಿದ್ಯೆ ಭಾರತದಲ್ಲಿ ಬೇರೂರಿದ್ದು ನಮ್ಮ ಮುಂಬಯಿಯಲ್ಲೇ. ಅಮೇರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದ ಕಮಲಾ ನಿಂಬಕರ್ ಎಂಬ ಮಹಿಳೆ 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಿಕ್ಷಣವನ್ನು ಆರಂಭಿಸಿದರು. 1952ರಲ್ಲಿ ಅಖಿಲ ಭಾರತ ಸಂಘವೂ ಹುಟ್ಟಿತು. ಈಗ ಮಣಿಪಾಲದಲ್ಲಿಯೂ ಇದರ ಪದವಿ ಶಿಕ್ಷಣ ದೊರೆಯುತ್ತದೆ.

ವಿದ್ಯೆ ಹರಡಿದರೂ ಕಾನೂನು ಬಹುಕಾಲ ರಾಜ್ಯರಾಜ್ಯಕ್ಕೆ ಬೇರೆಯಾಗಿತ್ತು. ದೆಹಲಿ 1997ರಲ್ಲಿ, ಮಹಾರಾಷ್ಟ್ರ 2002ರ ಶಾಸನದಿಂದ ತಮ್ಮದೇ ಮಂಡಳಿಗಳನ್ನು ಮಾಡಿಕೊಂಡವು; ಅನೇಕ ರಾಜ್ಯಗಳಲ್ಲಿ ಅಂಥದೇನೂ ಇರಲಿಲ್ಲ. 2021ರಲ್ಲಿ ಸಂಸತ್ತು ಐವತ್ತಕ್ಕೂ ಹೆಚ್ಚು ಆರೋಗ್ಯ ವೃತ್ತಿಗಳಿಗೆ ಒಂದೇ ಶಾಸನವನ್ನು ರಚಿಸಿ, ರಾಜ್ಯಕ್ಕೊಂದು ಮಂಡಳಿ, ದೇಶಕ್ಕೊಂದು ಕೇಂದ್ರ ರಿಜಿಸ್ಟರು ಇರತಕ್ಕದ್ದೆಂದು ವಿಧಿಸಿತು. ಆದರೆ ಕಾಗದದಿಂದ ಕಚೇರಿಗೆ ಇಳಿಯಲು ಅದು ತಡವರಿಸಿದ ಕತೆ ದೊಡ್ಡದು. 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟೇ ಸರಕಾರಗಳಿಗೆ ಎರಡು ತಿಂಗಳ ಗಡುವು ಕೊಡಬೇಕಾಯಿತು!

ವೈದ್ಯರಿಗಾದರೋ 2020ರ ಮಾರ್ಚಿನಿಂದಲೇ ದೇಶದ ಯಾವ ಮೂಲೆಯ ರೋಗಿಗೂ ಫೋನಿನಲ್ಲಿ ಸಲಹೆ ಕೊಡಲು ಸ್ಪಷ್ಟ ನಿಯಮವಿದೆ. ಆ ನಿಯಮ ಬರೆದದ್ದು ವೈದ್ಯರಿಗಾಗಿ, ಥೆರಪಿಸ್ಟರಿಗಾಗಿ ಅಲ್ಲ. ಅಮೇರಿಕದಲ್ಲಿ ಮೂವತ್ತರಷ್ಟು ರಾಜ್ಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಒಂದು ರಾಜ್ಯದ ಥೆರಪಿಸ್ಟರು ಇನ್ನೊಂದರಲ್ಲಿಯೂ ಸೇವೆ ಸಲ್ಲಿಸುವ ಹಾದಿ ತೆರೆದಿವೆ.

ನಮಗೆ ಇದು ಅನ್ಯರಿಗಿಂತ ಹೆಚ್ಚು ಬೇಕು. ಪೆಟ್ಟಾದದ್ದು ಇಲ್ಲಿ, ಮನೆ ಕುಂದಾಪುರದಲ್ಲಿ. ಮೇಲಾಗಿ ಈ ಚಿಕಿತ್ಸೆ ನಡೆಯುವುದು ಮಾತಿನಿಂದ. "ಇನ್ನೊಂಚೂರು ಬಿಡಿಸು ಮಾರಾಯ" ಎಂದು ಕನ್ನಡದಲ್ಲೋ ತುಳುವಿನಲ್ಲೋ ಹೇಳಿದರೆ ಬಿಡಿಸಿಕೊಳ್ಳುವ ಬೆರಳು, ಅರ್ಥವಾಗದ ಭಾಷೆಗೆ ಬಗ್ಗದು. ಮಣಿಪಾಲದಲ್ಲಿ ಕಲಿತವರು ನವಿಮುಂಬಯಿಯಲ್ಲಿ, ಇಲ್ಲಿ ಕಲಿತವರು ಉಡುಪಿಯಲ್ಲಿ ಮರುಪರೀಕ್ಷೆ, ಮರುಶುಲ್ಕಗಳ ಕಾಟವಿಲ್ಲದೆ ದುಡಿಯುವಂತಾಗಬೇಕು.

ಒಂದು ಶಂಕೆಯನ್ನು ಮಾತ್ರ ಬಿಡಲಾಗದು. ಹೊರರಾಜ್ಯದ ಥೆರಪಿಸ್ಟರ ಕೈಯಲ್ಲಿ ಕೆಟ್ಟದಾದರೆ ದೂರು ಎಲ್ಲಿ? ಅವರ ರಾಜ್ಯದ ಮಂಡಳಿಯಲ್ಲೋ ನಮ್ಮದರಲ್ಲೋ? ರೋಗಿ ಇರುವ ಊರಿನಲ್ಲೇ ದೂರು ಸಲ್ಲಬೇಕೆಂದು ನಿಯಮ ಖಚಿತವಾಗಿ ಹೇಳಲಿ.

ಅಲ್ಲಿಯವರೆಗೆ ಊರಿಗೆ ಹೊರಡುವ ಗಾಯಾಳುಗಳು ಥೆರಪಿಸ್ಟರ ನೋಂದಣಿ ಸಂಖ್ಯೆಯನ್ನೂ, ಈತನಕ ಮಾಡಿಸಿದ ವ್ಯಾಯಾಮಗಳ ಬರಹವನ್ನೂ ಕೇಳಿ ಪಡೆದು, ಟಿಕೆಟಿನ ಜೊತೆಯಲ್ಲೇ ಇಟ್ಟುಕೊಳ್ಳಲಿ.