ಹೃದಯದೊಳಗಿನ ರದ್ದಿ

ಕಳೆದ ವರ್ಷದ ಮಾತು. ನಮ್ಮ ಕಟ್ಟಡದ ಹಿರಿಯ ಮಿತ್ರರೊಬ್ಬರು, ಅರುವತ್ತು ದಾಟಿದವರು, ಮುಲುಂಡ್ ನಿಲ್ದಾಣದಲ್ಲಿ ಬೆಳಗಿನ ಗಾಡಿಗೆ ಕಾಯುತ್ತಿದ್ದಾಗ ಮೈ ಬೆವರಿ, ಕೈಕಾಲು ನಡುಗಿ, ಬೆಂಚಿನ ಮೇಲೆ ಕುಸಿದು ಕುಳಿತರು. ಪುಣ್ಯವಶಾತ್ ನಾನು ಜೊತೆಯಲ್ಲಿದ್ದೆ. ಚಹದಂಗಡಿಯಿಂದ ತಂದ ಸಕ್ಕರೆ ನೀರನ್ನು ಕುಡಿದ ಮೇಲೆ ಚೇತರಿಸಿಕೊಂಡರು. ವಿಚಾರಿಸಿದರೆ, ಹಿಂದಿನ ದಿನದಿಂದಲೂ ಊಟ ಬಿಟ್ಟಿದ್ದರು. ಮಧುಮೇಹದ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದ್ದರು!

"ಅಲ್ಲ ಮಾರಾಯ್ರೆ, ಉಪವಾಸ ಮಾಡಿದರೆ ಹೃದಯದ ಕಸವೆಲ್ಲ ಕರಗಿ ಮುಪ್ಪೇ ಬರುವುದಿಲ್ಲವಂತೆ. ಅದಕ್ಕೆ ನೊಬೆಲ್ ಕೂಡ ಬಂದಿದೆಯಂತಲ್ಲ!" ಎಂದರು.

ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನ ಲೆಕ್ಕಪತ್ರಗಳಲ್ಲಿಯೇ ಕೂದಲು ನರೆಯಿಸಿಕೊಂಡ ನನಗೆ ಅಂದು ಉತ್ತರ ತೋಚಲಿಲ್ಲ. ಆಮೇಲೆ ಓದಿ, ಪರಿಚಿತ ವೈದ್ಯರನ್ನು ಕಾಡಿ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಮನೆಬಾಗಿಲಿಗೆ ರದ್ದಿಯವನು ಬರುವಂತೆ ಜೀವಕೋಶದೊಳಗೂ ಒಂದು ವ್ಯವಸ್ಥೆಯುಂಟು. ಕೆಟ್ಟ ಪ್ರೊಟೀನುಗಳು, ಸವೆದ ಭಾಗಗಳು ಒಂದು ಪೊರೆಯಲ್ಲಿ ಸುತ್ತಲ್ಪಟ್ಟು ಲೈಸೋಸೋಮ್ ಎಂಬ ಪುಟ್ಟ ಚೀಲವನ್ನು ಸೇರುತ್ತವೆ. ಅಲ್ಲಿಯ ಕಿಣ್ವಗಳು ಅವನ್ನು ಒಡೆದು, ಪುನಃ ಉಪಯೋಗಕ್ಕೆ ಬರುವ ಕಚ್ಚಾ ಸಾಮಗ್ರಿಯನ್ನಾಗಿ ಮಾಡುತ್ತವೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ ಅವರು 1955ರಲ್ಲಿ ಈ ಚೀಲಕ್ಕೂ, 1963ರಲ್ಲಿ ಈ ಕ್ರಿಯೆಗೂ ಹೆಸರಿಟ್ಟರು. 'ಆಟೋಫ್ಯಾಜಿ', ಅರ್ಥಾತ್ ಸ್ವಭಕ್ಷಣೆ. ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಬಂದುದು ಈ ಕ್ರಿಯೆಯ ಒಳಗುಟ್ಟನ್ನು ಬಿಡಿಸಿದ್ದಕ್ಕೆ. ಅವರ ಪ್ರಯೋಗಶಾಲೆಯಲ್ಲಿ ಉಪವಾಸ ಬಿದ್ದುದೇನೋ ನಿಜ. ಬಿದ್ದವರು ಮಾತ್ರ ಮನುಷ್ಯರಲ್ಲ, ಬ್ರೆಡ್ಡಿನ ಹಿಟ್ಟನ್ನು ಹುದುಗಿಸುವ ಯೀಸ್ಟ್ ಕಣಗಳು!

ಇದಕ್ಕೂ ಹೃದಯಕ್ಕೂ ಏನು ನಂಟು? ನಮ್ಮ ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಕರುಳಿನ ಒಳಪದರ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಕಸ ಸೇರುವ ಮೊದಲೇ ಕೋಶವೇ ಉದುರಿಹೋಗುತ್ತದೆ. ಹೃದಯದ ಸ್ನಾಯುಕೋಶಕ್ಕೆ ಆ ಭಾಗ್ಯವಿಲ್ಲ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಸಂಶೋಧನೆಯ ಪ್ರಕಾರ, 25ರ ಪ್ರಾಯದಲ್ಲಿ ವರ್ಷಕ್ಕೆ ನೂರಕ್ಕೆ ಒಂದರಂತೆ ಮಾತ್ರ ಹೊಸ ಕೋಶಗಳು ಹುಟ್ಟುತ್ತವೆ. 75ರಲ್ಲಿ ಅದರ ಅರ್ಧವೂ ಇಲ್ಲ. ಎಂದರೆ ನಾವು ಹುಟ್ಟುವಾಗ ತಂದ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕಡೆತನಕ ನಮ್ಮೊಡನೆಯೇ ಇರುತ್ತವೆ. ವರ್ಗಾವಣೆಯಿಲ್ಲ, ನಿವೃತ್ತಿಯಿಲ್ಲ, ಹೊಸ ನೇಮಕಾತಿಯೂ ಅಪರೂಪ. ಮೇಲಾಗಿ ದಿನಕ್ಕೆ ಸುಮಾರು ಒಂದು ಲಕ್ಷ ಬಡಿತದ ದುಡಿಮೆ. ಅಂಥ ಶಾಖೆಯಲ್ಲಿ ಹಳೆಯ ಕಡತಗಳನ್ನು ಕಾಲಕಾಲಕ್ಕೆ ವಿಲೇವಾರಿ ಮಾಡದಿದ್ದರೆ ಏನಾದೀತೆಂಬುದನ್ನು ಬ್ಯಾಂಕಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಯ ಏರಿದಂತೆ ಈ ವಿಲೇವಾರಿ ನಿಧಾನವಾಗುತ್ತದೆ. ಶಕ್ತಿಯನ್ನೊದಗಿಸುವ ಮೈಟೋಕಾಂಡ್ರಿಯಗಳಲ್ಲಿ ಸವೆದವು ಹೊರಹೋಗದೆ ಉಳಿದು ಸುತ್ತಲಿನವಕ್ಕೂ ಹಾನಿ ಮಾಡುತ್ತವೆ. ಒಡೆಯಲಾರದ ಶೇಷವು ಲಿಪೋಫಸ್ಸಿನ್ ಎಂಬ ಕಂದು ವರ್ಣದ್ರವ್ಯವಾಗಿ ಲೈಸೋಸೋಮಿನಲ್ಲಿಯೇ ಕೂಡುತ್ತದೆ. ವೃದ್ಧರ ಹೃದಯವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರಿಗೆ ಇದು ಚಿರಪರಿಚಿತ. ಇಲಿಗಳ ಹೃದಯದಲ್ಲಿ ಸ್ವಭಕ್ಷಣೆಗೆ ಬೇಕಾದ ಒಂದು ಜೀನನ್ನು ತೆಗೆದುಹಾಕಿದಾಗ ಹೃದಯ ಹಿಗ್ಗಿ ದುರ್ಬಲವಾಯಿತೆಂದು 2007ರಲ್ಲಿ ಜಪಾನಿನವರು ತೋರಿಸಿದರು. ಮನುಷ್ಯರಲ್ಲಿಯೂ, ಲೈಸೋಸೋಮಿನ ಒಂದು ಪ್ರೊಟೀನ್ ಹುಟ್ಟಿನಿಂದಲೇ ಇಲ್ಲದಿದ್ದರೆ ಎಳೆಯ ಹುಡುಗರ ಹೃದಯದ ಸ್ನಾಯು ದಪ್ಪಗಟ್ಟುವ ಡ್ಯಾನನ್ ರೋಗವುಂಟು. ಅತಿ ವಿರಳವೆನ್ನುವುದೇ ಸಮಾಧಾನ.

ರಕ್ತನಾಳಗಳ ಕಥೆ ತುಸು ಬೇರೆ. ಧಮನಿಯ ಗೋಡೆಯೊಳಕ್ಕೆ ನುಸುಳಿದ ಕೊಲೆಸ್ಟೆರಾಲನ್ನು ಭಕ್ಷಕ ಕೋಶಗಳು ನುಂಗುತ್ತವೆ. ಮಿತಿ ಮೀರಿ ನುಂಗಿದಾಗ ಅವುಗಳ ಲೈಸೋಸೋಮ್ ಸೋತುಹೋಗಿ, ಕೊಬ್ಬು ತುಂಬಿದ ನೊರೆಯ ಮುದ್ದೆಯಂತಾಗಿ ಅಲ್ಲಿಯೇ ಸಾಯುತ್ತವೆ. ರದ್ದಿಯವನೇ ತನ್ನ ಮೂಟೆಯೊಡನೆ ಓಣಿಯಲ್ಲಿ ಅಡ್ಡಬಿದ್ದ ಹಾಗೆ! ಧಮನಿಯಲ್ಲಿ ಗಂಟು ಬೆಳೆಯುವುದು ಹೀಗೆ.

ಹಾಗಾದರೆ ಉಪವಾಸ? ಹಸಿದ ಇಲಿಯ ಹೃದಯದಲ್ಲಿ ಸ್ವಭಕ್ಷಣೆ ಹೆಚ್ಚುತ್ತದೆ, ಸಂಶಯವಿಲ್ಲ. ಓಡಿಸಿದ ಇಲಿಯಲ್ಲಿಯೂ ಹೆಚ್ಚುತ್ತದೆಂದು 2012ರಲ್ಲಿ ಅಮೆರಿಕದವರು ಕಂಡರು. ಆದರೆ ಬದುಕಿರುವ ಮನುಷ್ಯನ ಹೃದಯದಲ್ಲಿ ಅದು ಎಷ್ಟು ನಡೆದಿದೆಯೆಂದು ಅಳೆದು ಹೇಳುವ ಪರೀಕ್ಷೆ ಯಾವ ಚಿಕಿತ್ಸಾಲಯದಲ್ಲೂ ಇಲ್ಲ. ಇಷ್ಟು ಹೊತ್ತು ಉಪವಾಸವಿದ್ದರೆ ಇಷ್ಟು ಕಸ ಹೋಯಿತೆಂದು ಲೆಕ್ಕ ಹೇಳುವವರ ಜಮಾಖರ್ಚನ್ನು ನಾನಂತೂ ಪಾಸು ಮಾಡಲಾರೆ. ಏಕಾದಶಿಯ ಮಾತು ಬೇರೆ, ಅದು ಭಕ್ತಿಯ ವಿಷಯ. ಆದರೆ ಮಧುಮೇಹದ ಕೆಲವು ಮಾತ್ರೆಗಳು ಹೊಟ್ಟೆ ಖಾಲಿಯಿದ್ದರೂ ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಇರುತ್ತವೆ. ಅಂದು ನಿಲ್ದಾಣದಲ್ಲಿ ಆದದ್ದು ಅದೇ.

ಇದನ್ನೆಲ್ಲ ಹಿರಿಯರಿಗೆ ಒಪ್ಪಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಯೀಸ್ಟಿಗೆ ಬಂದ ನೊಬೆಲನ್ನು ನಾನು ನನ್ನ ಖಾತೆಗೆ ಜಮಾ ಮಾಡಿಕೊಂಡೆ ಅನ್ನಿ" ಎಂದು ನಕ್ಕರು. ಈಗ ವೈದ್ಯರನ್ನು ಕೇಳಿಯೇ ಏಕಾದಶಿಗೆ ಮಾತ್ರೆಯ ಪ್ರಮಾಣವನ್ನು ಬದಲಿಸಿಕೊಳ್ಳುತ್ತಾರೆ. ಸಂಜೆ ನಿಲ್ದಾಣದಿಂದ ಮನೆಗೆ ರಿಕ್ಷಾ ಬಿಟ್ಟು ಇಬ್ಬರೂ ನಡೆದೇ ಬರುತ್ತೇವೆ. ಅವರ ನಡಿಗೆ ನನ್ನದಕ್ಕಿಂತ ಚುರುಕು.